ಸೋಡಿಯಂ ಕಮ್ಮಿ ಇರೋ ಉಪ್ಪು

ಮಾರ್ಚ್ 3
ಸಲೂನ್ ತೆಗೆದೆ. ಮೊದಲ ಗಿರಾಕಿಗೆ ಗಡ್ಡ. ಅರ್ಧದಲ್ಲಿ ಬೆರಳು ಸೆಟೆದುಕೊಂಡಿತು—ಕತ್ತಿ ಕೊರಳ ಹತ್ತಿರವೇ ಇತ್ತು. ಸೀನು ಬಂದವನಂತೆ ನಟಿಸಿ ಹಿಂದೆ ಸರಿದೆ. ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡಿದ್ದ.
ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿದೆ, ಫಾಸ್ಫರಸ್ ಏರಿದೆ ಎಂದಿದ್ದರು ಡಾಕ್ಟರ್. ಮೈ ತುರಿಕೆಯೂ ಅದರದ್ದೇ. ಕಿಡ್ನಿ ಕೈಕೊಟ್ಟರೆ ಎಲ್ಲವೂ ಏರುಪೇರು.

ಮಾರ್ಚ್ 4
ಇನ್ನು ಕತ್ತಿ ಮುಟ್ಟುವುದಿಲ್ಲ. ಮಷಿನ್ ಮಾತ್ರ.
ಬಾಯಲ್ಲಿ ಸದಾ ತಾಮ್ರ ನೆಕ್ಕಿದ ರುಚಿ. ಊಟ ಸೇರದು. ಅಕ್ಕ ಹೊಸ ಉಪ್ಪು ತಂದಿದ್ದಾಳೆ. "ಡಾಕ್ಟರ್ ಉಪ್ಪು ಬಿಡು ಅಂದ್ರಲ್ಲ, ಇದ್ರಲ್ಲಿ ಸೋಡಿಯಂ ಕಮ್ಮಿಯಂತೆ. ಇನ್ಮೇಲೆ ತಟ್ಟೆ ಮುಂದೆ ಮುಖ ಸಪ್ಪೆ ಮಾಡ್ಬೇಡ."
ಭಾವ ಹೋದಾಗಿನಿಂದ ನನ್ನ ಜೊತೆಗೇ ಇದ್ದಾಳೆ. ಕೈಗೆ ಕೆಲಸ ಬೇಕು ಅವಳಿಗೆ. ನಾನು ಸಿಕ್ಕಿದ್ದೇನೆ.

ಮಾರ್ಚ್ 12
ಪೊಟ್ಯಾಸಿಯಂ 6.1. ಐದರ ಆಸುಪಾಸಿನಲ್ಲಿ ಇರಬೇಕಂತೆ. ಡಾಕ್ಟರ್ ಕನ್ನಡಕ ತೆಗೆದಿಟ್ಟರು.
"ಏನ್ ತಿಂತಿದೀರಿ? ಬಾಳೆಹಣ್ಣು? ಟೊಮೆಟೊ?"
"ಎಲ್ಲಿ ಸಾರ್, ಅಕ್ಕ ಬಿಡ್ಬೇಕಲ್ಲ."
"ನಗಬೇಡಿ. ಇದು ಹೃದಯಾನೇ ನಿಲ್ಲಿಸಿಬಿಡುತ್ತೆ. ಡಯಾಲಿಸಿಸ್‌ಗೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ."
ಅದನ್ನು ಇಳಿಸೋಕೆ ಪುಡಿ ಬರೆದುಕೊಟ್ಟರು. ಮುಂದಿನ ವಾರ ಮತ್ತೆ ರಕ್ತಪರೀಕ್ಷೆ.

ಮಾರ್ಚ್ 15, ಸಂಜೆ
ಮೆಟ್ಟಿಲು ಹತ್ತುವಾಗ ಕಾಲು ನನ್ನದಲ್ಲವೇನೋ ಎನಿಸಿತು. ಅಡುಗೆಮನೆಯಲ್ಲೇ ಕುಸಿದು ಕೂತೆ. ಎದುರಿಗೆ ಉಪ್ಪಿನ ಪ್ಯಾಕೆಟ್. ಸುಮ್ಮನೆ ತಿರುಗಿಸಿ ಓದಿದೆ. ಇರುವೆಯಂಥ ಅಕ್ಷರ... ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ. ಕಿಡ್ನಿ ರೋಗಿಗಳು ಬಳಸಬಾರದು.
ಅಕ್ಕ ಹಿಂದೆಯೇ ನಿಂತಿದ್ದಳು. "ಏನೋ ಅದು?"
"ಏನಿಲ್ಲ. ಕನ್ನಡಕ ಬೇಕೇನೋ ಅಂತ ನೋಡ್ದೆ."
ಹೇಗೆ ಹೇಳಲಿ? ಭಾವ ಎದೆನೋವು ಅಂದಾಗ ಗ್ಯಾಸು ಅಂದುಕೊಂಡು ಮಲಗಿಸಿದವಳು ಅವಳು. ಇವತ್ತಿಗೂ ಅದೇ ಕೊರಗು. ಇದನ್ನೂ ಕೇಳಿದರೆ ಉಳಿಯುವುದಿಲ್ಲ.
ಅವಳು ಸ್ನಾನಕ್ಕೆ ಹೋದಾಗ ಎಲ್ಲ ಸಿಂಕಿಗೆ ಸುರಿದು, ಡಬ್ಬಿಗೆ ಮಾಮೂಲಿ ಉಪ್ಪು ತುಂಬಿದೆ. ಮುಗಿಯಿತು.

ಮಾರ್ಚ್ 20, ಬೆಳಿಗ್ಗೆ
ನಿನ್ನೆ ರಕ್ತ ಕೊಟ್ಟಿದ್ದೆ. ಈಗ ಆಸ್ಪತ್ರೆಯಿಂದ ಫೋನ್. 7.2. ತಕ್ಷಣ ಬರಬೇಕಂತೆ. ಇಳಿಯಬೇಕಿತ್ತಲ್ಲ?
ಆಂಬ್ಯುಲೆನ್ಸ್ ಬರುತ್ತಿದೆ. ಅಕ್ಕ ಬುತ್ತಿ ಕಟ್ಟುತ್ತ ಅಲ್ಲಿಂದಲೇ ಕೂಗಿ ಹೇಳುತ್ತಿದ್ದಾಳೆ—"ಆಸ್ಪತ್ರೆ ಊಟ ನಿಂಗೆ ಸೇರಲ್ಲ. ಡಬ್ಬೀಲಿ ಅದ್ಹೇಗೆ ಹಳೇ ಉಪ್ಪು ಬಂದಿತ್ತೋ! ನಾಲಿಗೆಗಿಟ್ಟ ಕೂಡ್ಲೇ ಗೊತ್ತಾಯ್ತು. ಆವತ್ತೇ ಚೆಲ್ಲಿ ಸೋಡಿಯಂ ಕಮ್ಮಿ ಇರೋದೇ ಹೊಸ ಪ್ಯಾಕೆಟ್ ತಂದೆ. ರುಚಿ ಇಲ್ಲ ಅಂತಿದ್ಯಲ್ಲ, ಒಂಚೂರು ಮುಂದಾಗೇ ಹಾಕ್ತಿದೀನಿ."
ಎದೆ ಒಂದು ಬಡಿತ ಬಡಿದು ಯೋಚಿಸುತ್ತದೆ. ಕರೆಯೋಣವೆಂದರೆ ದನಿ ಏಳದು. ಬರೆದೇ ತೋರಿಸುತ್ತೇನೆ. ಬರುತ್ತಿದ್ದಾಳೆ.
ಅಕ್ಕಾ, ನಿನ್ನ ತಪ್ಪಲ್ಲ. ನಾನು ಆವತ್ತೇ ಹೇಳ್ಬೇಕಿತ್ತು. ಡಾಕ್ಟರಿಗೆ ಹೇಳು, ಆ ಉ