ಹನ್ನೊಂದನೇ ನಂಬರ್ ಬಸ್ಸಿನ ಹಾಡು ಬರೆದವಳು ನಾನು

ಹಾಡುಗಳ ಹಕ್ಕು ನೋಂದಾಯಿಸುವ ಕಚೇರಿಯ ನಿರ್ದೇಶಕರಿಗೆ, ಓರಾನ್.

ಮಾನ್ಯರೇ,

ನಾನು ಬರೆದ ಹಾಡನ್ನು ನಿಮ್ಮ ಕಚೇರಿ ‘ಜನಪದ ಗೀತೆ, ಕರ್ತೃ ಅಜ್ಞಾತ, ಕನಿಷ್ಠ ನೂರು ವರ್ಷ ಹಳೆಯದು’ ಎಂದು ದಾಖಲಿಸಿದೆ. ನನಗೆ ಈಗ ಅರವತ್ತೊಂದು. ಹುಟ್ಟುವುದಕ್ಕೆ ನಲವತ್ತು ವರ್ಷ ಮೊದಲೇ ಹಾಡು ಬರೆದ ಹೆಂಗಸು ನಿಮ್ಮ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಾರಳು. ಅದಕ್ಕಾಗಿಯಾದರೂ ಒಂದು ಪ್ರಶಸ್ತಿ ಕೊಡಬಹುದಿತ್ತು. ಕೊಟ್ಟದ್ದು ತಿರಸ್ಕಾರದ ಚೀಟಿ.

ಎಲ್ ಹಮ್ರಿ ಬಡಾವಣೆಯಲ್ಲಿ ಮದುವೆಯ ಬಟ್ಟೆ ಹೊಲಿಯುವುದು ನನ್ನ ಕಸುಬು. ಹಾಡು ಬರೆಯುವುದು ಕಸುಬಲ್ಲ, ಅದಕ್ಕೇ ನಿಮ್ಮವರು ನನ್ನನ್ನು ಹವ್ಯಾಸಿ ಎನ್ನುತ್ತಾರೆ. ಅಳತೆ ಕೊಡಲು ಬಂದ ಮದುವಣಗಿತ್ತಿಯರು ಬೇಸರ ಪಟ್ಟುಕೊಳ್ಳದಿರಲಿ ಎಂದು ಅವರ ಹೆಸರು, ಗಂಡನಾಗುವವನ ಹೆಸರು ಸೇರಿಸಿ ನಾಲ್ಕು ಸಾಲು ಹೇಳುತ್ತಿದ್ದೆ. ಮದುವೆಮನೆಗಳಲ್ಲಿ ಹಾಡುವ ಹೆಂಗಸರ ಮೇಳದ ಯಜಮಾನಿ ಮಹ್ಜೂಬಾ ಒಂದು ದಿನ ರವಿಕೆ ಹೊಲಿಸಲು ಬಂದವಳು ಅದನ್ನು ಕೇಳಿಸಿಕೊಂಡಳು. “ಏನೇ ಜುಲೀಖಾ, ಇಷ್ಟು ದಿನ ಇದನ್ನೆಲ್ಲಾ ಎಲ್ಲಿ ಬಚ್ಚಿಟ್ಕೊಂಡಿದ್ದೆ? ನಾನು ಹತ್ತು ವರ್ಷದಿಂದ ಅದೇ ಮೂರು ಹಾಡು ಹೇಳಿ ಹೇಳಿ ಗಂಟಲು ಹರ್ಕೊಂಡಿದ್ದೀನಿ” ಎಂದಳು. ಅಂದಿನಿಂದ ಹಾಡಿಗೆ ಇಷ್ಟು ದಿನಾರ್ ಎಂದು ಕೊಡತೊಡಗಿದಳು. ಜೊತೆಗೆ ಮದುವೆಮನೆಯ ಬಾದಾಮಿ ಮಿಠಾಯಿ. ಮನೆಯ ಫ್ರಿಜ್ಜು ಆ ಹಾಡುಗಳಿಂದಲೇ ಬಂದದ್ದು.

ತಾವು ನೂರು ವರ್ಷ ಹಳೆಯದೆಂದ ಹಾಡು ಹುಟ್ಟಿದ್ದು ಹತ್ತೊಂಬತ್ತು ವರ್ಷದ ಹಿಂದಿನ ಒಂದು ಗುರುವಾರ. ನನ್ನ ಗಂಡ ಲಖ್ದರ್ ಹನ್ನೊಂದನೇ ನಂಬರ್ ಬಸ್ಸಿನ ಡ್ರೈವರು. ಪಾಳಿ ಮುಗಿದ ಮೇಲೆ ಗೆಳೆಯರ ಜೊತೆ ದೊಮಿನೊ ಆಡುತ್ತಾ ಕೂತುಬಿಡುತ್ತಿದ್ದ. ಅವತ್ತು ಸಾರನ್ನು ಮೂರು ಸಲ ಬಿಸಿ ಮಾಡಿದೆ. ನಾಲ್ಕನೇ ಸಲಕ್ಕೆ ಒಲೆ ಆರಿಸಿ, ಹೊಲಿಗೆಯ ಅಳತೆ ಪುಸ್ತಕದಲ್ಲಿ ಬರೆದೆ:

ಹನ್ನೊಂದನೇ ನಂಬರ್ ಬಸ್ಸೇ, ನನ್ನವನ ಎಲ್ಲಿಳಿಸಿದೆ?
ಸಾರು ಆರಿತು, ರೊಟ್ಟಿ ಒಣಗಿತು, ನಾನೊಬ್ಬಳೇ ಬಿಸಿಯಿರುವೆ.

ಮಹ್ಜೂಬಾ ಅದನ್ನು ಹಾಡಿದ ಮೊದಲ ಮದುವೆಯಲ್ಲೇ ಹೆಂಗಸರು ನಾಲ್ಕು ಸಲ ಹೇಳಿಸಿದರು. ಬೇಸಿಗೆ ಮುಗಿಯುವಷ್ಟರಲ್ಲಿ ಊರಿಗೆಲ್ಲ ಬಾಯಿಪಾಠ. ಲಖ್ದರ್ ಬಸ್ಸು ಹತ್ತಿದರೆ ಸಾಕು, ಹಿಂದಿನ ಸೀಟಿನ ಹುಡುಗಿಯರು ಶುರು ಮಾಡುತ್ತಿದ್ದರು. ಅವನು ಮನೆಗೆ ಬಂದು, “ನಾನು ಬಸ್ಸು ಓಡಿಸಿ ಬೆನ್ನು ಮುರ್ಕೋಬೇಕು, ನೀನು ಕೂತಲ್ಲೇ ಗಂಡನ್ನ ಬೈದು ದುಡ್ಡು ಮಾಡ್ತೀಯಲ್ಲೇ! ಇನ್ನೊಂದಿಷ್ಟು ಬೈ, ಬಾಡಿಗೆ ಕಟ್ಬೇಕು” ಎನ್ನುತ್ತಿದ್ದ. ಬೈಯಲು ಅನುಕೂಲವಾಗಲೆಂದು ಇನ್ನೂ ತಡವಾಗಿ ಬರುತ್ತಿದ್ದ.

ಹೋದ ಫೆಬ್ರವರಿಯಲ್ಲಿ ಅವನು ಬಸ್ ಡಿಪೋದಲ್ಲಿ ಕುಸಿದು ತೀರಿಕೊಂಡ. ಮೂರನೆಯ ದಿನ ಮನೆ ತುಂಬ ಹೆಂಗಸರು. ಅಂಗಳದಾಚೆಯ ಮನೆಯ ಟೀವಿಯಲ್ಲಿ ನನ್ನ ಹಾಡು ಬಂತು. ಸಾರು ಆರಿತು, ರೊಟ್ಟಿ ಒಣಗಿತು, ‘ಮೊಸರೊಂದೇ ತಂಪಾಗಿದೆ’. ಯಾವುದೋ ಕಂಪನಿಯ ಮೊಸರಿನ ಜಾಹೀರಾತು. ಎಲ್ಲರೂ ನನ್ನ ಮುಖ ನೋಡಿದರು. ಮಹ್ಜೂಬಾ ಎದ್ದು ಕಿಟಕಿ ಮುಚ್ಚಿದಳು. ನಾನು ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡು ಕುಡಿದೆ. ಸಿಹಿಯಾಗಿತ್ತು. ಅಷ್ಟು ಬಿಟ್ಟರೆ ನನಗೆ ಬೇರೇನೂ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸುತ್ತಿಲ್ಲ. ಸಿಟ್ಟು ಬಂದಿದ್ದರೆ ಈ ಪತ್ರ ಇನ್ನಷ್ಟು ಚೆನ್ನಾಗಿರುತ್ತಿತ್ತೇನೋ, ಕ್ಷಮಿಸಿ.

ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ, “ಅದು ಅಜ್ಜಿಯರ ಕಾಲದ ಹಾಡಲ್ವಾ ಅಮ್ಮ? ಯಾರು ಬೇಕಾದ್ರೂ ಬಳಸಬಹುದು ಅಂತ ಹಾಡಿನ ಹಕ್ಕಿನ ಕಚೇರಿಯಿಂದಲೇ ಪತ್ರ ಕೊಟ್ಟಿದ್ದಾರೆ” ಎಂದಳು. ಹೀಗೆ ನಾನು ತಮ್ಮ ಮೂರನೇ ಮಹಡಿ ಹತ್ತಿದೆ.

ಕೌಂಟರಿನ ಹೆಣ್ಣುಮಗಳು ಅರ್ಜಿಯ ಮೇಲೆ ಕಣ್ಣಾಡಿಸಿ ಮುಖ ಅರಳಿಸಿದಳು. “ಅಯ್ಯೋ, ಇದಾ! ನನ್ನ ಮದರಂಗಿ ದಿನ ಇದಕ್ಕೇ ಕುಣಿದಿದ್ದೆ ನಾನು!” ಎಂದು ಎರಡು ಸಾಲು ಗುನುಗಿದಳು. ರಾಗವೂ ತಪ್ಪಲಿಲ್ಲ. ಆಮೇಲೆ ಕೇಳಿದಳು, “ನೀವು ಸದಸ್ಯರಾ?” ಅಲ್ಲ ಎಂದೆ. ಸದಸ್ಯರಾಗಲು ಐದು ಹಾಡು ನೋಂದಣಿಯಾಗಿರಬೇಕಂತೆ. ನೋಂದಣಿಗೆ ಸದಸ್ಯರಾಗಿರಬೇಕಂತೆ. “ಹಾಗಾದ್ರೆ ಮೊದಲನೇ ಹಾಡು ಹೇಗಮ್ಮಾ ಕೊಡೋದು?” ಎಂದೆ. “ಅದನ್ನ ಯಾರೂ ಕೇಳಿಲ್ಲ ಇಲ್ಲೀವರೆಗೂ” ಎಂದಳು ಪಾಪ, ನಿಜವಾದ ಆಶ್ಚರ್ಯದಿಂದ.

ಹಾಡನ್ನು ತಜ್ಞರ ಸಮಿತಿಗೆ ಕಳಿಸಿದರು. ಆರು ತಿಂಗಳ ಮೇಲೆ ಕರೆ ಬಂತು. ನಾನು ಮಹ್ಜೂಬಾಳನ್ನು ಕರೆದುಕೊಂಡು ಹೋದೆ. ಸಮಿತಿಯ ಹಿರಿಯರು, ಈ ಹಾಡಿನ ನಡೆ ಬಹಳ ಪ್ರಾಚೀನವಾದದ್ದು ಎಂದರು. “ಹಾಡಲ್ಲಿ ಬಸ್ಸಿದೆಯಲ್ಲ ಸ್ವಾಮಿ, ನೂರು ವರ್ಷದ ಹಿಂದೆ ಎಲ್ಲಿತ್ತು ಹನ್ನೊಂದನೇ ನಂಬರು?” ಎಂದೆ.

“ಬಸ್ಸನ್ನ ಆಮೇಲೆ ಯಾರೋ ಹವ್ಯಾಸಿಗಳು ಸೇರಿಸಿದ್ದಾರೆ.”

“ಆ ಹವ್ಯಾಸಿ ನಾನೇ.”

“ಅಷ್ಟು ಮಾತ್ರ ನಾವೂ ಒಪ್ತೀವಮ್ಮ” ಎಂದರು.

ಮಹ್ಜೂಬಾಗೆ ಎಪ್ಪತ್ತನಾಲ್ಕು. ಅವಳು ಮೇಜು ಕುಟ್ಟಿದಳು. “ಇವಳು ಬರೆದಿದ್ದು, ನಾನು ಹಾಡಿದ್ದು. ಯಾವ ಮದುವೇಲಿ ಅಂತ ಹೇಳ್ಲಾ? ಆ ಮದುಮಗಳಿಗೆ ಈಗ ಮೂರು ಮಕ್ಕಳು, ಕರ್ಕೊಂಡು ಬರ್ಲಾ?” ಬಾಯಿಮಾತಿನ ಸಾಕ್ಷಿ ನಡೆಯುವುದಿಲ್ಲವೆಂದು ಹಿರಿಯರು ಹೇಳಿದರು. ಮಾನ್ಯರೇ, ಬಾಯಿಂದ ಬಾಯಿಗೆ ಬಂತೆಂದು ಹಾಡನ್ನು ನನ್ನಿಂದ ಕಿತ್ತುಕೊಂಡವರು ತಾವು. ಆ ಬಾಯಿಯನ್ನೇ ತಂದು ಎದುರಿಗೆ ಕೂರಿಸಿದರೆ ಅದು ನಡೆಯುವುದಿಲ್ಲವೇ? ಅಳತೆ ಪುಸ್ತಕವನ್ನೂ ತೋರಿಸಿದೆ. ತಾರೀಖಿಲ್ಲ ಎಂದರು. ಸಾರು ಆರಿದ ಸಿಟ್ಟಿನಲ್ಲಿ ಯಾವ ಹೆಂಗಸು ತಾರೀಖು ಹಾಕಿ, ರುಜು ಮಾಡಿ, ಎರಡು ಪ್ರತಿ ತೆಗೆದಿಡುತ್ತಾಳೆ?

ಹೋದ ವಾರ ಒಬ್ಬ ಮದುವಣಗಿತ್ತಿ ಬಂದಿದ್ದಳು. ತನ್ನ ಮದುವೆಗೆ ಬಸ್ಸಿನ ಹಾಡನ್ನೇ ಹೆಸರು ಸೇರಿಸಿ ಬರೆದುಕೊಡಬೇಕಂತೆ. ಹೇಳುತ್ತಾ ಬರೆದೆ. “ಖಾಲಾ, ತಪ್ಪು ಬರೀತಿದ್ದೀರ” ಎಂದಳು. “‘ನಾನೊಬ್ಬಳೇ ಬಿಸಿಯಿರುವೆ’ ಅಲ್ಲ. ಮೊಸರು ಬರುತ್ತೆ ಅಲ್ಲಿ.” ಅವಳು ಹೇಳಿದ ಹಾಗೇ ಬರೆದುಕೊಟ್ಟೆ. ಎರಡು ಸಾವಿರ ದಿನಾರ್ ಕೊಟ್ಟಳು, ತೆಗೆದುಕೊಂಡೆ. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ.

ನನಗೆ ಹಣ ಬೇಡ, ಹೆಸರೊಂದಿದ್ದರೆ ಸಾಕು ಎಂದು ಬರೆದರೆ ಓದಿದವರ ಮನಸ್ಸು ಕರಗುತ್ತದೆ ಎಂದು ಮಹ್ಜೂಬಾ ಹೇಳಿದಳು. ಹಾಗೆ ಬರೆಯಲಾರೆ. ಎರಡೂ ಬೇಕು. ಕಣ್ಣಿಗೆ ಪೊರೆ ಬಂದಿದೆ, ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯಬೇಕು. ಲಖ್ದರ್‌ನ ಮೇಲೆ ನಾನು ಸುರಿಸಿದ ಬೈಗುಳ ನಮ್ಮಿಬ್ಬರ ದುಡಿಮೆ. ‘ಕರ್ತೃ ಅಜ್ಞಾತ’ ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆಯಿರಿ. ಮೊಸರಿನವರಿಗೆ ಕೊಟ್ಟ ಪತ್ರವನ್ನು ಹಿಂತೆಗೆದುಕೊಳ್ಳಿ. ನನಗೆ ಸಲ್ಲಬೇಕಾದ್ದನ್ನು ಸಲ್ಲಿಸಿ.

ಶುಕ್ರವಾರ, ಶನಿವಾರದ ರಜೆ ಮುಗಿದು ಬರುವ ಭಾನುವಾರ ಕಚೇರಿ ತೆರೆಯುವ ಹೊತ್ತಿಗೆ ನಾವಿಬ್ಬರೂ ಬರುತ್ತೇವೆ. ನಿಮ್ಮ ಲಿಫ್ಟು ಕೆಟ್ಟಿದೆ, ಮಹ್ಜೂಬಾಳ ಮೊಣಕಾಲು ಇನ್ನೊಮ್ಮೆ ಮೂರು ಮಹಡಿ ಹತ್ತುವುದಿಲ್ಲ. ಅವಳು ಕೆಳಗೇ ನಿಂತು ಹಾಡುತ್ತಾಳೆ, ಈಗಲೂ ಅವಳ ದನಿ ಅಲ್ಲಿಯವರೆಗೆ ಮುಟ್ಟುತ್ತದೆ. ದಯವಿಟ್ಟು ಒಂದು ಕುರ್ಚಿ ಕೊಟ್ಟು ಯಾರನ್ನಾದರೂ ಕೆಳಗೆ ಕಳಿಸಿ. ನನ್ನ ಹೆಸರು ಬರೆದುಕೊಳ್ಳಲು ಅವರ ಕೈಯಲ್ಲಿ ಪೆನ್ನೂ ಇರಲಿ.

ಇಂತಿ,
ಜುಲೀಖಾ ಬೆನ್‌ಸಾಹ್ಲಾ
ಹೊಲಿಗೆಯವಳು, ಬಿಡುವಿದ್ದಾಗ ಹಾಡು ಬರೆಯುವವಳು
(ಬಿಡುವು ಈಗ ಬೇಕಾದಷ್ಟಿದೆ)