ತೊಟ್ಟಿಲ ಪಕ್ಕದ ಫೋಟೋ

ಪುಟ್ಟಿ,

ಎದ್ದ ತಕ್ಷಣ ನಮ್ಮ ಅಂಗಡಿಯ ಇನ್‌ಸ್ಟಾಗ್ರಾಮ್ ತೆರೆದು, ತುಂಬು ಬಸುರಿಯೊಬ್ಬಳು ತೊಟ್ಟಿಲ ಮೇಲೆ ಕೈಯಿಟ್ಟು ನಗುತ್ತಿರುವ ಆ ಫೋಟೋ ಅಳಿಸಿಬಿಡು. ಅದನ್ನು ನೋಡಿಯೇ ಗಿರಾಕಿಗಳು ಬರುತ್ತಾರೆಂದು ಗೊತ್ತು. "ನಿನ್ನ ಉಳಿಗಿಂತ ನನ್ನ ಫೋನೇ ಚೂಪು, ಅಪ್ಪಾ" ಅಂತ ನೀನು ಅಣಕಿಸಿದ್ದೂ ನಿಜವೇ. ಆದರೆ ಆ ಮಗು ಉಳಿಯಲಿಲ್ಲ ಕಣಮ್ಮಾ. ನಿನ್ನೆ ಸಂಜೆ ಗಂಡಹೆಂಡಿರು ತೊಟ್ಟಿಲು ವಾಪಸ್ ತಂದಾಗ ತಿಳಿಯಿತು. ಫೋಟೋದ ಕೆಳಗೆ ಜನ ಇನ್ನೂ "ಗಂಡೋ ಹೆಣ್ಣೋ?" ಅಂತ ಕೇಳುತ್ತಿದ್ದಾರಂತೆ. ನೀನು ನಗುಮುಖ ಹಾಕಿ "ಸದ್ಯದಲ್ಲೇ ಹೇಳ್ತೀವಿ" ಅಂದಿದ್ದೀಯಂತೆ. ಗೊತ್ತಿಲ್ಲದೆ ಮಾಡಿದ್ದು, ದೇವರು ಬಲ್ಲ. ಅಳುತ್ತಾ ಕೂರಬೇಡ.

ಅಳಿಸುವ ಮೊದಲು ಮಾತ್ರ ಒಂದು ದೊಡ್ಡ ಪ್ರಿಂಟ್ ತೆಗೆಸಿಡು. ನಿನ್ನೆ ಹೊರಡುವಾಗ ಆ ತಾಯಿ ಬಾಗಿಲಲ್ಲಿ ತಿರುಗಿ ನಿಂತು, "ಊರವರ ಕಣ್ಣಿಂದ ತೆಗೀರಿ ಅಣ್ಣಾ, ಆದ್ರೆ ನನಗೊಂದು ಕೊಡಿ. ನಾನೂ ಮಗೂನೂ ಜೊತೇಲಿರೋ ಫೋಟೋ ಅದೊಂದೇ" ಅಂದಳು.

ಆ ತೊಟ್ಟಿಲಿಗೆ ಕೊಯ್ದು ಮಿಕ್ಕ ಮರದ ತುಂಡುಗಳು ಒಲೆಯ ಪಕ್ಕ ಇವೆ. ಉರಿಗೆ ಹಾಕಬೇಡ, ಫೋಟೋಗೆ ಅದರಲ್ಲೇ ಚೌಕಟ್ಟು ಕಟ್ಟುತ್ತೇನೆ. ಗಾಜು ತರಲು ಹೊರಟೆ.

ಅಪ್ಪ