ಆ ಗ್ವಾಡಿಗೆ ಗೂಟ ಬಡೀಬ್ಯಾಡ

ಮೈದುನ ಕೇದಾರಿ,

ಕಬ್ಬಿನ ರವದಿ ಗಾಡಿ ತಂದ ಕೂಡ್ಲೇ ಸುತ್ತಿಗಿ ಹಿಡೀಬ್ಯಾಡ. ಮೊದಲ ಇದನ್ನ ಓದು.

ದನದ ಮನಿ ತಗಡು ಗಾಳಿಗೆ ಹಾರಿದಾಗಿಂದ ನಮಗೂ ಉದ್ದವ್ವಗೂ ನಡುವಿನ ಗ್ವಾಡಿ ಮಳ್ಯಾಗ ತೋಯ್ಕೋಂತ ನಿಂತೈತಿ. ರವದಿ ತಟ್ಟಿ ಕಟ್ಟಾಕ ಅಂತ ನಿನ್ನೆ ಗೂಟ ಬಡದಿಯಲ್ಲಾ, ಅದು ಹಿಟ್ಟಿನಾಗ ಹೋದಂಗ ಹೋತು. ನಾವಿಬ್ರೂ ನಕ್ವಿ. ಇವತ್ತ ಮುಂಜಾನೆ ಆ ಗೂಟ ಮುಟ್ಟಿದ್ರ ಗ್ವಾಡೀನ ಅಲುಗ್ಯಾಡ್ತು, ಜೋಡೀಲೇ ಹಸಿ ಮಣ್ಣು ಉದುರಿತು. ಹಂಗ ಉದ್ದವ್ವನ ಬಾಗಲಕ್ಕ ಓಡಿದೆ.

ಆ ಕಡೆ ಉದ್ದವ್ವನ ಮಗಳು ರಾಯವ್ವ ಹಡದು ಮಲಗ್ಯಾಳ. ತಾಯಿ-ಕೂಸು ಮಲಗೋ ಹೊರಸು ಗ್ವಾಡಿಗೆ ಹಚ್ಚೇ ಹಾಕ್ಯಾರ. ಬಾಗಲದಾಗ ನಿಂತು "ಹೊರಸು ಸರಸ್ರಿ, ಗ್ವಾಡಿ ನೋಡ್ತೀನಿ" ಅಂದ್ರ ಉದ್ದವ್ವ ಸಿಟ್ಟಿಗೆದ್ಲು. "ಹಸಗೂಸಿನ ಮುಂದ ಎಂಥಾ ಮಾತು ಆಡ್ತಿ? ತೊಟ್ಲಕ್ಕ ಹಾಕೂತನಕ ಹೊರಗಿನವ್ರು ಯಾರೂ ಒಳಗ ಬರಬ್ಯಾಡ್ರಿ" ಅಂದ್ಲು.

ಕೂಸಿಗೆ ನೀರು ಎರಿಯೋ ಮುದುಕಿ ಜ್ವರ ಬಂದು ಮಲಗ್ಯಾಳಂತ. ನಾ ಎರೀತೀನಿ ಅಂದೆ, ಅದಕ್ಕಷ್ಟ ಒಪ್ಪ್ಯಾಳ. ಈಗ ಹೊಂಟೀನಿ. ಒಳಗ ಹೋಗಿ ಹೆಂಗರ ಮಾಡಿ ಹೊರಸು ಸರಸ್ತೀನಿ.

ನೀ ಬೊಂಬು ನೆಲದಾಗ ಹುಗದು, ತಟ್ಟಿ ಅದಕ್ಕ ಕಟ್ಟು. ಗ್ವಾಡಿಗೆ ಆನಿಸಬ್ಯಾಡ. ಎಮ್ಮಿ ಹೊರಗ ಕಟ್ಟೀನಿ. ರೊಟ್ಟಿ ತೂಗುಹಾಕಿದ ನೆಲವಿನ ಮ್ಯಾಲ ಐತಿ, ಉಂಡ ಕೆಲಸಕ್ಕ ಹತ್ತು. ನಿಮ್ಮಣ್ಣ ಬಂದ್ರ ಅವರಿಗೂ ಇದನ್ನ ಓದಿ ಹೇಳು, ಅವರದು ನಿನಗಿಂತ ಅವಸರದ ಕೈ.

ಹೊರಸು ಸರಸಾಕ ಬಿಡದಿದ್ರ, ನಾ ಗ್ವಾಡಿಗೆ ಬೆನ್ನು ಹಚ್ಚಿ ಕೂಸಿನ್ನ ತೊಡಿಮ್ಯಾಲ ಹಾಕ್ಕೊಂಡು ಕುಂತಿರ್ತೀನಿ. ಸುತ್ತಿಗಿ ಎತ್ತೂ ಮುಂದ ನೆನಪಿಡು.

ವೈನಿ